ಹಳೆಯ ಡಿಶ್‌ವಾಷರ್: ಬಿಚ್ಚುವುದೋ, ಬಿಡುವುದೋ?

ಡಿಶ್‌ವಾಷರ್ ಎಷ್ಟು ವರ್ಷ ಬಾಳುತ್ತದೆ ಎಂದು ಅಂಗಡಿಯಲ್ಲಿ ಕೇಳಿದರೆ ಹತ್ತು ವರ್ಷ ಎನ್ನುತ್ತಾರೆ. ಅದು ಘಟ್ಟದ ಮೇಲಿನ ಲೆಕ್ಕ. ಶಿರೂರಿನಿಂದ ಬ್ರಹ್ಮಾವರದವರೆಗೆ ಹೆದ್ದಾರಿಯ ಪಡುಬದಿಗಿರುವ ಮನೆಗಳಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಇಲ್ಲಿ ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸಿನ ಮಳೆ, ಉಳಿದ ತಿಂಗಳಲ್ಲಿ ಉಪ್ಪುಗಾಳಿ, ಮಳೆಗಾಲದ ಆಚೀಚೆ ಗುಡುಗು ಸಿಡಿಲು. ಗಂಗೊಳ್ಳಿಯ ಏಳು ವರ್ಷದ ಯಂತ್ರ ಬೆಂಗಳೂರಿನ ಹನ್ನೆರಡು ವರ್ಷದ ಯಂತ್ರಕ್ಕಿಂತ ಮುದಿಯಾಗಿರಬಹುದು. ಸಿದ್ದಾಪುರ, ಶಂಕರನಾರಾಯಣದ ಕಡೆಯ ಮನೆಯಲ್ಲಿರುವ ಅದೇ ಮಾಡೆಲ್ ಇನ್ನೂ ಗಟ್ಟಿಯಾಗಿಯೇ ಇರಬಹುದು. ಹಾಗಾಗಿ ಯಂತ್ರ ನಿಂತಾಗ ಬಿಲ್ಲಿನ ಮೇಲಿನ ತಾರೀಕು ನೋಡಿ ತೀರ್ಮಾನ ಮಾಡಬಾರದು. ಯಂತ್ರದ ಅಡಿಭಾಗ ನೋಡಿ ಮಾಡಬೇಕು.

ಈ ಯಂತ್ರ ಬೈಂದೂರು, ಕುಂದಾಪುರ, ಬ್ರಹ್ಮಾವರ ಎಂಬ ನಮ್ಮ ಮೂರು ತಾಲ್ಲೂಕುಗಳ ಅಡುಗೆಮನೆಗೆ ಬಂದ ಬಗೆಯೇ ಬೇರೆ. ಕೊಂಡವರು ಬಳಸುವವರಲ್ಲ. ಮಗ ಬೆಂಗಳೂರಿನಲ್ಲೋ ದುಬೈಯಲ್ಲೋ ಇದ್ದಾನೆ, ಊರಿನ ದೊಡ್ಡ ಮನೆಯಲ್ಲಿ ಅಪ್ಪಯ್ಯ, ಅಮ್ಮ ಇಬ್ಬರೇ. ಪಾತ್ರೆ ತೊಳೆಯಲು ಬರುತ್ತಿದ್ದವರು ಈಗ ಗೇರುಬೀಜದ ಫ್ಯಾಕ್ಟರಿಗೋ ಬಟ್ಟೆ ಅಂಗಡಿಗೋ ಹೋಗುತ್ತಾರೆ, ಹೋಗಲೂ ಬೇಕು. 2020ರ ಲಾಕ್‌ಡೌನಿನಲ್ಲಿ ದೇಶದಲ್ಲೆಲ್ಲ ಡಿಶ್‌ವಾಷರ್‌ಗೆ ಬೇಡಿಕೆ ಏರಿದಾಗ ಇಲ್ಲಿಗೂ ಒಂದಷ್ಟು ಬಂದಿಳಿದವು. ಅವುಗಳಿಗೆಲ್ಲ ಈಗ ಪ್ರಾಯವಾಗುತ್ತಿದೆ. ವಾರಂಟಿ ಮುಗಿದು ಎಷ್ಟೋ ಕಾಲವಾಗಿದೆ.

ತಮಾಷೆಯೆಂದರೆ, ಪಾತ್ರೆ ತೊಳೆಯುವ ಕೆಲಸದ ಬಗ್ಗೆ ಈ ಸೀಮೆಯವರಿಗೆ ಯಾರೂ ಪಾಠ ಹೇಳಬೇಕಿಲ್ಲ. ಮುಂಬಯಿ, ಬೆಂಗಳೂರಿನಲ್ಲಿ ಹೋಟೆಲು ಕಟ್ಟಿದ ಕುಂದಾಪುರ ಕಡೆಯ ಎಷ್ಟೋ ಜನರ ಬದುಕು ಶುರುವಾದದ್ದೇ ತಟ್ಟೆ ಲೋಟ ತೊಳೆಯುವ ತೊಟ್ಟಿಯ ಎದುರು. ಅತ್ತ ಅಮೆರಿಕದಲ್ಲಿ ಜೋಸೆಫಿನ್ ಕಾಕ್ರೇನ್ ಎಂಬ ಮಹಿಳೆ 1886ರಲ್ಲಿ ಪೇಟೆಂಟ್ ಪಡೆದ ಯಂತ್ರವನ್ನು ಮೊದಲು ಕೊಂಡವರೂ ಹೋಟೆಲಿನವರೇ. 1893ರ ಶಿಕಾಗೋ ಮೇಳದಲ್ಲಿ ಅದು ಹೆಸರು ಮಾಡಿತು. ಮನೆಮನೆಗೆ ಬರಲು ಇನ್ನೂ ಅರ್ಧ ಶತಮಾನ ಹಿಡಿಯಿತು.

ಈಗ ವಿಷಯಕ್ಕೆ ಬರೋಣ. ಯಂತ್ರ ನಿಂತಿದೆ. ಪರದೆಯ ಮೇಲೆ ಒಂದು ಅಕ್ಷರ, ಎರಡು ಅಂಕಿ ಮಿನುಗುತ್ತಿವೆ. ಕಂಪನಿಯವರಿಗೆ ಫೋನು ಮಾಡಿದರೆ ಟೆಕ್ನಿಷಿಯನ್ ಉಡುಪಿಯಿಂದಲೋ ಮಂಗಳೂರಿನಿಂದಲೋ ಬರಬೇಕು. ಮಂಗಳೂರಿನಿಂದ ಬೈಂದೂರಿಗೆ ಸುಮಾರು 125 ಕಿಲೋಮೀಟರ್. ಬಂದು ನೋಡಿದ್ದಕ್ಕೇ ಒಂದು ಚಾರ್ಜು, ಬಿಡಿಭಾಗ ತರಿಸಿ ಮತ್ತೆ ಬರುವುದಕ್ಕೆ ಇನ್ನೊಂದು ವಾರ. ಅಷ್ಟರಲ್ಲಿ ಮಗ ವಿಡಿಯೊ ಕಾಲ್‌ನಲ್ಲಿ, ‘ಅಪ್ಪಯ್ಯ, ಕೆಳಗಿನ ಪಟ್ಟಿಯ ಸ್ಕ್ರೂ ತೆಗೀರಿ, ನಾನು ನೋಡ್ತೆ’ ಎನ್ನುತ್ತಿರುತ್ತಾನೆ. ತೆಗೆಯಬಹುದೇ?

ನನ್ನ ಉತ್ತರ ಇಷ್ಟು: ದೋಷ ನೀರಿನ ದಾರಿಯಲ್ಲಿದ್ದರೆ ನೀವೇ ಕೈಹಾಕಿ. ಕರೆಂಟಿನ ದಾರಿಯಲ್ಲಿದ್ದರೆ ಕೈ ಹಿಂದೆಗೆಯಿರಿ. ಎರಡರ ನಡುವೆ ನಮ್ಮೂರಲ್ಲಿ ಇನ್ನೊಬ್ಬನಿದ್ದಾನೆ, ಅವನ ವಿಷಯ ಆಮೇಲೆ ಹೇಳುತ್ತೇನೆ.

ನೀರಿನದೇ ಅರ್ಧ ಕಥೆ

ಡಿಶ್‌ವಾಷರ್ ಕುರಿತ ಸಲಹೆಗಳೆಲ್ಲ ಗಡಸು ನೀರಿನ ಊರುಗಳಲ್ಲಿ ಹುಟ್ಟಿದವು. ಯಂತ್ರದೊಳಗೆ ನೀರನ್ನು ಮೆದುಗೊಳಿಸುವ ರಾಳದ ಡಬ್ಬಿಯೊಂದಿರುತ್ತದೆ. ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ರಾಳ ಹಿಡಿದಿಟ್ಟುಕೊಳ್ಳುತ್ತದೆ, ನಾವು ಹಾಕುವ ಉಪ್ಪು ಆ ರಾಳವನ್ನು ತೊಳೆದು ಮತ್ತೆ ಕೆಲಸಕ್ಕೆ ಹಚ್ಚುತ್ತದೆ. ವಿಜಯಪುರ, ಕಲಬುರಗಿಯ ಬೋರ್‌ವೆಲ್ ನೀರಿಗೆ ಇದು ಬೇಕೇ ಬೇಕು. ನಮ್ಮದು ಮುರಕಲ್ಲಿನ ನೆಲ. ಮುರಕಲ್ಲಿನಲ್ಲಿ ಇಂಗಿ ಬಂದ ಬಾವಿನೀರು ಸಾಮಾನ್ಯವಾಗಿ ಮೆದು, ಸ್ವಲ್ಪ ಆಮ್ಲೀಯ, ಹಲವೆಡೆ ಕಬ್ಬಿಣದ ಅಂಶವುಳ್ಳದ್ದು. ಅಂಥ ನೀರಿಗೆ ಗಡಸುತನದ ಸೆಟ್ಟಿಂಗನ್ನು ತೀರ ಕೆಳಕ್ಕೆ ಇಟ್ಟರೆ ಸಾಕು. ಅದನ್ನು ಮಾಡದೆ, ಉಪ್ಪಿನ ದೀಪ ಉರಿಯುತ್ತಿದೆ, ಯಂತ್ರ ಹಾಳಾಗಿದೆ ಎಂದುಕೊಳ್ಳುವವರಿದ್ದಾರೆ.

ಗಾಜಿನ ಲೋಟ ಮಂಜುಗಟ್ಟಿದಂತೆ ಕಾಣುವುದು ಇನ್ನೊಂದು ದೂರು. ಒಂದು ಲೋಟಕ್ಕೆ ವಿನೆಗರ್ ಹಚ್ಚಿ ಒರೆಸಿ ನೋಡಿ. ಮಂಜು ಹೋದರೆ ಅದು ಸುಣ್ಣದ ಪೊರೆ. ಹೋಗದಿದ್ದರೆ ಗಾಜೇ ಸವೆದಿದೆ. ಮೆದು ನೀರು, ಹೆಚ್ಚು ಪುಡಿ, ಹೆಚ್ಚು ಬಿಸಿ ಸೇರಿದರೆ ಹೀಗಾಗುತ್ತದೆ. ಅದನ್ನು ಯಾವ ಮೆಕ್ಯಾನಿಕ್ಕೂ ಸರಿಮಾಡಲಾರ, ಪುಡಿ ಕಡಿಮೆ ಮಾಡುವುದೊಂದೇ ದಾರಿ. ಒಳಗಿನ ಸ್ಟೀಲು ಕಂದುಗಟ್ಟಿದ್ದರೆ ಅದು ಬಾವಿನೀರಿನ ಕಬ್ಬಿಣ. ಸಿಟ್ರಿಕ್ ಆಮ್ಲ, ಅಂದರೆ ಅಂಗಡಿಯಲ್ಲಿ ಸಿಗುವ ನಿಂಬೆಹುಳಿ ಉಪ್ಪನ್ನು ಹಾಕಿ ಪಾತ್ರೆಯಿಲ್ಲದೆ ಒಮ್ಮೆ ಬಿಸಿನೀರಿನಲ್ಲಿ ಓಡಿಸಿದರೆ ಹೋಗುತ್ತದೆ. ಕಂಚು ಹಿತ್ತಾಳೆಯನ್ನು ಹುಣಸೆಹುಳಿಯಲ್ಲಿ ಬೆಳಗಿದವರಿಗೆ ಇದರ ತರ್ಕ ಬಿಡಿಸಿ ಹೇಳಬೇಕಿಲ್ಲ.

ಕೋಡಿ, ಗಂಗೊಳ್ಳಿ, ಮರವಂತೆಯಂಥ ಜಾಗದ ಮಾತು ಬೇರೆ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಹೊಳೆ, ನಡುವೆ ಹೊಯಿಗೆಯ ನೆಲ. ಎಪ್ರಿಲ್-ಮೇ ಹೊತ್ತಿಗೆ ಬಾವಿಯ ನೀರು ಉಪ್ಪಾಗುತ್ತದೆ. ಉಪ್ಪುನೀರಿನಲ್ಲಿರುವ ಕ್ಲೋರೈಡು ಸ್ಟೇನ್‌ಲೆಸ್ ಸ್ಟೀಲನ್ನೂ ಬಿಡುವುದಿಲ್ಲ, ಸೂಜಿಮೊನೆಯಷ್ಟು ಗುಳಿ ತೋಡುತ್ತ ಹೋಗುತ್ತದೆ. ಅಂಥ ಮನೆಗಳಲ್ಲಿ ಬೇಸಿಗೆಯ ಕೊನೆಯ ಎರಡು ತಿಂಗಳು ಯಂತ್ರಕ್ಕೆ ರಜೆ ಕೊಡುವುದು ಜಾಣತನ. ರಿಪೇರಿಗಿಂತ ಅಗ್ಗವೂ ಹೌದು.

ನೀವೇ ಮಾಡಬಹುದಾದ ಕೆಲಸಗಳ ಬಗ್ಗೆ ತುಸು ವಿವರವಾಗಿ ಹೇಳಬೇಕು, ಏಕೆಂದರೆ ‘ಹಾಳಾಗಿದೆ’ ಎಂದು ಬರುವ ದೂರುಗಳಲ್ಲಿ ಬಹುಪಾಲು ಇಲ್ಲಿಯೇ ತೀರಿಹೋಗುತ್ತವೆ. ತಳದ ಫಿಲ್ಟರನ್ನು ತಿರುಗಿಸಿ ಎತ್ತಿದರೆ ನಮ್ಮ ಊಟದ ಚರಿತ್ರೆಯೇ ಅಲ್ಲಿರುತ್ತದೆ. ಕುಚ್ಚಲಕ್ಕಿಯ ಅಗುಳು, ತೆಂಗಿನಕಾಯಿ ಅರೆದ ಮಸಾಲೆಯ ಗಸಿ, ಬಂಗುಡೆಯ ಸಣ್ಣ ಮುಳ್ಳು. ವಿದೇಶಿ ವಿನ್ಯಾಸಕಾರ ಫಿಲ್ಟರಿನ ಕಣ್ಣುಗಳನ್ನು ನಿರ್ಧರಿಸುವಾಗ ಮೀನುಗಸಿ ಅವನ ಮನಸ್ಸಿನಲ್ಲಿ ಇದ್ದಿರಲಾರದು. ಗಂಜಿಯ ತಿಳಿ ಒಣಗಿದರೆ ಅಂಟಿನಂತೆ ಕಚ್ಚಿಕೊಳ್ಳುತ್ತದೆ. ಫಿಲ್ಟರನ್ನು ವಾರಕ್ಕೊಮ್ಮೆ ನಲ್ಲಿಯ ಕೆಳಗೆ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಬೇಕು. ನೀರು ಚಿಮ್ಮಿಸುವ ತೋಳುಗಳ ತೂತುಗಳಲ್ಲಿ ಮುಳ್ಳು ಸಿಕ್ಕಿರುತ್ತದೆ, ಹಿಡಿಸೂಡಿಯ ಕಡ್ಡಿಯಿಂದ ತೆಗೆಯಬಹುದು.

ನೀರು ಹೊರಹೋಗದೆ ತಳದಲ್ಲಿ ನಿಂತಿದ್ದರೆ ಫಿಲ್ಟರಿನ ಕೆಳಗಿನ ಗುಂಡಿಯ ನೀರನ್ನು ಬಟ್ಟೆಯಲ್ಲಿ ಹೀರಿಸಿ ತೆಗೆದು, ಡ್ರೈನ್ ಪಂಪಿನ ಮುಚ್ಚಳ ಬಿಚ್ಚಿ ನೋಡಿ. ಒಳಗಿನ ಪುಟ್ಟ ಇಂಪೆಲ್ಲರಿಗೆ ಒಡೆದ ಲೋಟದ ಚೂರೋ ಎಲುಬಿನ ತುಂಡೋ ಅಡ್ಡ ಸಿಕ್ಕಿರುವುದು ಸಾಮಾನ್ಯ. ಕೈಗೆ ಗಾಜು ಚುಚ್ಚದಂತೆ ಚಿಮ್ಮಟ ಬಳಸಿ.

ನೀರೇ ಬರುತ್ತಿಲ್ಲ ಎನ್ನುವಾಗ ನಲ್ಲಿಗೆ ಪೈಪು ಸೇರುವಲ್ಲಿರುವ ಚಿಕ್ಕ ಜಾಲರಿಯನ್ನು ಮೊದಲು ನೋಡಬೇಕು. ಹೊಯಿಗೆ ನೆಲದ ಬಾವಿಯಾದರೆ ಅದು ನುಣ್ಣನೆಯ ಮರಳಿನಿಂದ ಮುಚ್ಚಿಹೋಗಿರುತ್ತದೆ. ಜಾಲರಿ ಚೊಕ್ಕವಾಗಿದ್ದೂ ನೀರು ಬಾರದಿದ್ದರೆ ಅಂಗಳಕ್ಕೆ ಹೋಗಿ ಟಾಂಕಿಯನ್ನು ನೋಡಿ. ಹೆಚ್ಚಿನ ಯಂತ್ರಗಳು ಅರ್ಧ ಬಾರ್ ಒತ್ತಡವನ್ನಾದರೂ ಕೇಳುತ್ತವೆ; ಅಷ್ಟಾಗಬೇಕಾದರೆ ಟಾಂಕಿಯ ನೀರು ಯಂತ್ರಕ್ಕಿಂತ 5 ಮೀಟರ್ ಮೇಲಿರಬೇಕು. ಹಂಚಿನ ಮನೆಯ ಪಕ್ಕ ಗಿಡ್ಡ ಕಟ್ಟೆಯ ಮೇಲೆ ಟಾಂಕಿ ಕೂರಿಸಿದ್ದರೆ ಅದು ಸಿಗುವುದಿಲ್ಲ. ಟಾಂಕಿ ತುಂಬಿದ ದಿನ ಓಡುವ ಯಂತ್ರ ಅರ್ಧಕ್ಕಿಳಿದ ದಿನ ನಿಲ್ಲುತ್ತದೆ. ಇದಕ್ಕೆ ಇನ್‌ಲೆಟ್ ವಾಲ್ವ್ ಬದಲಿಸಿ ದುಡ್ಡು ಕಳೆದುಕೊಳ್ಳಬೇಡಿ.

ಇನ್ನೊಂದು, ಪುಡಿ ಮುಗಿದಾಗ ಕೈಯಲ್ಲಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿದವರ ಮನೆಯ ಕಥೆ. ನೊರೆ ಉಕ್ಕಿ ಬಾಗಿಲ ಸಂದಿನಿಂದ ತಳದ ತಟ್ಟೆಗೆ ಇಳಿಯುತ್ತದೆ. ಅಲ್ಲೊಂದು ತೇಲುಬಿಲ್ಲೆ ಇದೆ. ನೀರು ಸೇರಿದೊಡನೆ ಅದು ಮೇಲೆದ್ದು ಯಂತ್ರವನ್ನು ನಿಲ್ಲಿಸುತ್ತದೆ. ತಟ್ಟೆಯ ನೀರು ತೆಗೆದು ಒಣಗಿಸಿದರೆ ಯಂತ್ರ ಮತ್ತೆ ಓಡುತ್ತದೆ. ಆದರೆ ಲಿಕ್ವಿಡ್ ಹಾಕದೆಯೂ ಮತ್ತೆ ಮತ್ತೆ ನೀರು ಸೇರುತ್ತಿದ್ದರೆ ಒಳಗೆಲ್ಲೋ ಸೋರಿಕೆ ಇದೆ. ತೇಲುಬಿಲ್ಲೆಯ ಸ್ವಿಚ್ಚಿಗೆ ವಯರು ಸುತ್ತಿ ‘ಸರಿಯಾಯ್ತು’ ಎನ್ನುವ ಅವಸರದ ಕೆಲಸಗಾರರಿದ್ದಾರೆ. ಅಂಥವರನ್ನು ಮನೆಯೊಳಗೆ ಬಿಡಬೇಡಿ. ಆ ಸ್ವಿಚ್ಚು ಇರುವುದೇ ನೀರು ಮತ್ತು ಕರೆಂಟು ಒಂದಾಗದಿರಲೆಂದು.

ವೈಂಡಿಂಗ್ ಅಂಗಡಿಯವರು

ಸ್ವತಃ ರಿಪೇರಿಯೋ ಕಂಪನಿಯೋ ಎಂಬ ಪ್ರಶ್ನೆ ಕೇಳುವವರಿಗೆ ಮೂರನೆಯ ದಾರಿ ನೆನಪಾಗುವುದಿಲ್ಲ. ಕುಂದಾಪುರ, ಕೋಟೇಶ್ವರ, ಉಪ್ಪುಂದ, ಬಾರಕೂರು, ಎಲ್ಲಿಗೆ ಹೋದರೂ ಪಂಪು ರಿಪೇರಿಯವರು ಸಿಗುತ್ತಾರೆ. ಬಾಗಿಲಲ್ಲಿ ತಾಮ್ರದ ತಂತಿಯ ಉರುಳೆ, ಒಳಗೆ ವಾರ್ನಿಷಿನ ವಾಸನೆ, ನೆಲದ ಮೇಲೆ ಸಾಲಾಗಿ ತೋಟದ ಪಂಪುಗಳು. ಮನೆಗೊಂದು ಬಾವಿ, ಬಾವಿಗೊಂದು ಪಂಪು ಇರುವ ಸೀಮೆಯಾದ್ದರಿಂದ ಇಲ್ಲಿ ಈ ವಿದ್ಯೆ ಬೇರೂರಿದೆ.

ಡಿಶ್‌ವಾಷರಿನ ಹೃದಯ ಒಂದು ಪಂಪು ಅಷ್ಟೆ. ಹಳೆಯ ಮಾಡೆಲ್‌ಗಳಲ್ಲಿ ಅದು ಕೆಪಾಸಿಟರ್ ಇರುವ ಸಾದಾ ಇಂಡಕ್ಷನ್ ಮೋಟರು, ತೋಟದ ಪಂಪಿನ ತಮ್ಮ. ‘ಹ್ವಾಯ್, ತಿರ್ಗುದಿಲ್ಲ, ಬರೀ ಗುಂಯ್ ಅಂಬುದೇ’ ಎಂದರೆ ಅಂಗಡಿಯವರು, ‘ತಕಂಡ್ ಬನ್ನಿ, ಕಾಂಬ’ ಎನ್ನುತ್ತಾರೆ. ಗುಂಯ್‌ಗುಟ್ಟಿ ತಿರುಗದಿದ್ದರೆ ಕೆಪಾಸಿಟರ್ ಹೋಗಿದೆ, ಇಲ್ಲವೇ ಏನೋ ಸಿಕ್ಕಿಹಾಕಿಕೊಂಡಿದೆ ಎಂದು ಅವರಿಗೆ ಗೊತ್ತು. ಕೆಪಾಸಿಟರ್ ಬದಲಿಸುವುದು ಸಣ್ಣ ಖರ್ಚಿನ ಕೆಲಸ. ಬೇರಿಂಗು, ವಾಟರ್ ಸೀಲು ಅಳತೆಗೆ ಹೊಂದಿದರೆ ಅದನ್ನೂ ಹಾಕಿಕೊಡುತ್ತಾರೆ. ನೀವು ಮಾಡಬೇಕಾದದ್ದು ಪಂಪನ್ನು ಬಿಚ್ಚಿ ಒಯ್ಯುವುದು, ಬಿಚ್ಚುವ ಮೊದಲು ಪ್ರತಿ ವಯರಿನ ಜಾಗವನ್ನು ಫೋನಿನಲ್ಲಿ ಹಿಡಿದಿಡುವುದು. ಕರೆಂಟು ತೆಗೆದ ಮೇಲೂ ಕೆಪಾಸಿಟರಿನಲ್ಲಿ ಚಾರ್ಜು ಉಳಿದಿರಬಹುದು, ಅದರ ಕಡ್ಡಿಗಳನ್ನು ಬರಿಗೈಯಲ್ಲಿ ಮುಟ್ಟಬಾರದು. ಅಷ್ಟಕ್ಕೂ ಧೈರ್ಯ ಸಾಲದಿದ್ದರೆ ಅವರನ್ನೇ ಮನೆಗೆ ಕರೆಯಿರಿ. ಹತ್ತಿರದವರು ಬರುತ್ತಾರೆ.

ಹೊಸ ಮಾಡೆಲ್‌ಗಳಲ್ಲಿ ಈ ಅನುಕೂಲ ಇಲ್ಲ. ಕರೆಂಟು ಉಳಿಸುವ, ಸದ್ದು ಮಾಡದ ಬ್ರಶ್‌ಲೆಸ್ ಮೋಟರುಗಳು ಬಂದಿವೆ. ಹೀಟರು, ಪಂಪು, ಸೆನ್ಸರು ಎಲ್ಲ ಒಂದೇ ಗಡ್ಡೆಯಾಗಿ ಬರುವ ಯಂತ್ರಗಳೂ ಇವೆ. ಒಂದು ಕೆಟ್ಟರೆ ಗಡ್ಡೆಯನ್ನೇ ಬದಲಿಸಬೇಕು, ವೈಂಡಿಂಗ್ ಅಂಗಡಿಯವರಿಗೆ ಅಲ್ಲಿ ಕೆಲಸವಿಲ್ಲ. ಹಾಗಾಗಿ ಅಡಿ ಗಟ್ಟಿಯಿರುವ ಹಳೆಯ ಯಂತ್ರವನ್ನು ಎಸೆಯುವ ಮುನ್ನ ಎರಡು ಸಲ ಯೋಚಿಸಬೇಕು. ನಮ್ಮ ಊರಿನ ಕೈಗೆ ಎಟಕುವುದು ಹಳೆಯದೇ.

ಕರೆಂಟಿನ ದಾರಿ

ಇಲ್ಲಿ ನನ್ನ ಧೈರ್ಯ ಕಡಿಮೆ, ನಿಮ್ಮದೂ ಕಡಿಮೆ ಇರಲಿ. ನೀರು ಕಾಯಿಸುವ ಎಲಿಮೆಂಟು ಸಾಮಾನ್ಯವಾಗಿ 1,800ರಿಂದ 2,000 ವಾಟ್. 230 ವೋಲ್ಟ್‌ನಲ್ಲಿ ಸುಮಾರು 9 ಆಂಪಿಯರ್ ಎಳೆಯುತ್ತದೆ, ಅದಕ್ಕೆ 16 ಆಂಪಿಯರ್ ಸಾಕೆಟ್ಟೇ ಬೇಕು. ಮಿಕ್ಸಿಯ ಸಾಕೆಟ್ಟಿಗೆ ಎಕ್ಸ್‌ಟೆನ್ಷನ್ ಬೋರ್ಡ್ ಎಳೆದು ಓಡಿಸುತ್ತಿದ್ದರೆ ಮೊದಲ ರಿಪೇರಿ ಅಲ್ಲಿ ಆಗಬೇಕು.

ಪಾತ್ರೆ ತಣ್ಣಗೆ, ಜಿಡ್ಡುಜಿಡ್ಡಾಗಿ ಹೊರಬಂದರೆ ಎಲಿಮೆಂಟು ಹೋಗಿದೆ ಎಂದುಕೊಳ್ಳುತ್ತೇವೆ. ಹೋಗಿರಲೂಬಹುದು. ಮಲ್ಟಿಮೀಟರ್ ಹಿಡಿಯಲು ಗೊತ್ತಿರುವವರು ಪ್ಲಗ್ ಕಿತ್ತು, ಎಲಿಮೆಂಟಿನ ವಯರು ಬಿಡಿಸಿ ಅಳೆದರೆ 26ರಿಂದ 30 ಓಮ್ ಆಸುಪಾಸು ತೋರಿಸಬೇಕು. ಆದರೆ ಅದಕ್ಕಿಂತ ಮೊದಲು ಸಂಜೆಯ ವೋಲ್ಟೇಜ್ ನೋಡಿ. ವಾರಾಹಿಯ 460 ಮೆಗಾವಾಟ್‌ನ ಭೂಗತ ವಿದ್ಯುದಾಗಾರ ಇದೇ ಕುಂದಾಪುರ ತಾಲ್ಲೂಕಿನ ಹೊಸಂಗಡಿಯಲ್ಲಿದೆ, ಆದರೂ ಲೈನಿನ ತುದಿಯ ಮನೆಗಳಲ್ಲಿ ಪಂಪು ಹಾಕುವ ಹೊತ್ತಿಗೆ ವೋಲ್ಟೇಜ್ ಕುಸಿಯುವುದು ತಪ್ಪಿಲ್ಲ. 180 ವೋಲ್ಟ್‌ಗೆ ಇಳಿದರೆ 2,000 ವಾಟ್‌ನ ಎಲಿಮೆಂಟು ಕೊಡುವುದು 1,200 ವಾಟ್‌ನಷ್ಟು ಶಾಖ ಮಾತ್ರ. ಕೆಲವು ಯಂತ್ರಗಳು ಕಾದು ಕಾದು ಬೇಸತ್ತು ಹೀಟರ್ ದೋಷವೆಂದು ಘೋಷಿಸಿಬಿಡುತ್ತವೆ. ಅಂಥ ಯಂತ್ರವನ್ನು ಬೆಳಗಿನ ಜಾವ ಓಡಿಸಿ ನೋಡಿ. ಸರಿಯಾಗಿ ನಡೆದರೆ ದೋಷ ತಂತಿಯಲ್ಲಿದೆ.

ಕಂಟ್ರೋಲ್ ಬೋರ್ಡಿನ ಕಥೆ ಬೇರೆ. ಸಿಡಿಲಿಗೆ ಸುಡುವುದು ಅದೇ. ಹಲ್ಲಿ, ಇರುವೆ ಹೊಕ್ಕು ಸಾಯುವುದೂ ಅಲ್ಲೇ, ಮಳೆಗಾಲದ ತೇವಕ್ಕೆ ಕನೆಕ್ಟರು ಹಸಿರುಗಟ್ಟುವುದೂ ಅಲ್ಲೇ. ಬೋರ್ಡ್ ರಿಪೇರಿ ಮಾಡುವವರು ಉಡುಪಿ, ಮಂಗಳೂರಿನಲ್ಲಿದ್ದಾರೆ. ರಿಲೇ ಹೋಗಿದ್ದರೆ ಹೊಸದು ಬೆಸೆದು ಬದುಕಿಸುತ್ತಾರೆ. ಸಿಡಿಲಿಗೆ ಪೂರ್ತಿ ಕರಕಲಾಗಿದ್ದರೆ ಕೈಚೆಲ್ಲುತ್ತಾರೆ. ಹೊಸ ಬೋರ್ಡಿನ ಬೆಲೆ ಕೇಳಿದರೆ ಯಂತ್ರವೇ ಬೇಡ ಎನಿಸುತ್ತದೆ. ಗುಡುಗು ಕೇಳಿದಾಗ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು. ಟಿವಿಗೆ ತೋರಿಸುವ ಕಾಳಜಿ ಇದಕ್ಕೂ ಸಲ್ಲಬೇಕು.

ಯಂತ್ರದ ಮೈ ಮುಟ್ಟಿದಾಗ ಜುಂ ಎಂದರೆ, ಅಥವಾ ಹೀಟರ್ ಶುರುವಾದ ಕೂಡಲೇ ಮನೆಯ ಆರ್‌ಸಿಸಿಬಿ ಬಿದ್ದರೆ ಅಲ್ಲಿಗೆ ಸ್ವಯಂ ರಿಪೇರಿ ಮುಗಿಯಿತು. ಆ ಉಪಕರಣ 30 ಮಿಲಿ ಆಂಪಿಯರ್ ಸೋರಿಕೆಗೇ ಬೀಳುವಂತೆ ಇರುವುದು ಜೀವ ಉಳಿಸಲಿಕ್ಕೆ. ಅದನ್ನು ಬೈಪಾಸ್ ಮಾಡಿಕೊಂಡ ಮನೆಗಳಿವೆ, ‘ಆಗಾಗ ಬೀಳ್ತದೆ, ಕಿರಿಕಿರಿ’ ಎಂಬ ಕಾರಣಕ್ಕೆ. ಎಲೆಕ್ಟ್ರಿಷಿಯನ್‌ನನ್ನು ಕರೆದು ಅರ್ತಿಂಗ್ ನೋಡಿಸಿ. ಮುರಕಲ್ಲಿನ ಗುಡ್ಡೆಯ ಮೇಲಿನ ಅರ್ತಿಂಗ್ ಗುಂಡಿ ಬೇಸಿಗೆಯಲ್ಲಿ ಒಣಗಿ ನಿಷ್ಪ್ರಯೋಜಕವಾಗಿರುವುದು ಅಪರೂಪವಲ್ಲ.

ಬಿಡಿಭಾಗ ಕೇಳುವ ಹಕ್ಕು

ಯುರೋಪಿನಲ್ಲಿ ಈ ಚರ್ಚೆಯನ್ನು ಕಾನೂನೇ ಬಗೆಹರಿಸಿದೆ. 2021ರ ಮಾರ್ಚ್‌ನಿಂದ ಅಲ್ಲಿ ಜಾರಿಯಲ್ಲಿರುವ ನಿಯಮ ಬಿಡಿಭಾಗಗಳನ್ನು ಎರಡು ಪಟ್ಟಿ ಮಾಡಿದೆ. ಬಾಗಿಲಿನ ತಿರುಗಣಿ, ಸೀಲು, ಚಿಮ್ಮುತೋಳು, ಫಿಲ್ಟರು, ಒಳಗಿನ ಬುಟ್ಟಿಗಳನ್ನು ಮನೆಯವರಿಗೇ ಮಾರಬೇಕು, ಮಾಡೆಲ್ ನಿಂತ ಮೇಲೂ ಕನಿಷ್ಠ 10 ವರ್ಷ. ಮೋಟರು, ಪಂಪು, ಹೀಟರು, ಬೋರ್ಡುಗಳು ವೃತ್ತಿಪರ ರಿಪೇರಿಯವರಿಗೆ ಕನಿಷ್ಠ 7 ವರ್ಷ ಸಿಗಬೇಕು. ಮೇಲೆ ನಾನು ಎಳೆದ ಗೆರೆಯೂ ಹೆಚ್ಚುಕಡಿಮೆ ಅದೇ. ಫ್ರಾನ್ಸ್‌ನಲ್ಲಿ 2022ರ ನವೆಂಬರಿನಿಂದ ಡಿಶ್‌ವಾಷರಿನ ಮೇಲೂ ರಿಪೇರಿಗೆ ಎಷ್ಟು ಸುಲಭ ಎಂಬ ಅಂಕ ಹಾಕಿಯೇ ಮಾರಬೇಕು.

ನಮ್ಮಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈಯಲ್ಲಿ ಸಮಿತಿ ಮಾಡಿ, ಅದೇ ಡಿಸೆಂಬರ್ 24ರ ಗ್ರಾಹಕರ ದಿನದಂದು ರೈಟ್ ಟು ರಿಪೇರ್ ಪೋರ್ಟಲ್ ತೆರೆಯಿತು. ಗೃಹೋಪಯೋಗಿ ಯಂತ್ರಗಳೂ ಅದರಲ್ಲಿವೆ. ಅಂಕ ಕೊಡುವ ವ್ಯವಸ್ಥೆಯ ಬಗ್ಗೆ ಇನ್ನೊಂದು ಸಮಿತಿ 2025ರ ಮೇ ತಿಂಗಳಲ್ಲಿ ವರದಿ ಕೊಟ್ಟಿತು. ಪೋರ್ಟಲಿನಲ್ಲಿ ಮಾಹಿತಿ ಇದ್ದ ಮಾತ್ರಕ್ಕೆ ಬೈಂದೂರಿಗೆ ಬಾಗಿಲ ಸೀಲು ಬಂದು ಮುಟ್ಟುವುದಿಲ್ಲ. ಅದಕ್ಕೆ ಯುರೋಪಿನಂತೆ ಕಡ್ಡಾಯ ಬೇಕು.

ಯಾವಾಗ ಸಾಕು ಎನ್ನಬೇಕು? ರಿಪೇರಿ ಖರ್ಚು ಹೊಸದರ ಬೆಲೆಯ ಅರ್ಧ ದಾಟಿದರೆ ಬಿಡಿ ಎಂಬ ಸೂತ್ರ ಎಲ್ಲ ಕಡೆ ಕೇಳುತ್ತದೆ. ಸಮುದ್ರದ ಬದಿಗೆ ಅದು ಧಾರಾಳವಾಯಿತು. ಪ್ಲಗ್ ಕಿತ್ತು, ಮುಂದಿನ ಅಡಿಪಟ್ಟಿ ಬಿಚ್ಚಿ ಟಾರ್ಚ್ ಬಿಡಿ. ತಳದ ತಗಡು ಕೆರೆದರೆ ಪುಡಿಪುಡಿಯಾಗಿ ಉದುರುತ್ತಿದ್ದರೆ, ಅಥವಾ ಒಳಗಿನ ಸ್ಟೀಲಿನಲ್ಲಿ ಗುಳಿ ಬಿದ್ದು ಸೋರುತ್ತಿದ್ದರೆ, ಕೆಟ್ಟದ್ದು ಕೆಪಾಸಿಟರೇ ಆಗಿದ್ದರೂ ಒಂದು ರೂಪಾಯಿ ಹಾಕಬೇಡಿ. ಅಡಿ ಗಟ್ಟಿಯಿದ್ದರೆ ಪಂಪು, ಹೀಟರು, ಬಾಗಿಲ ಸೀಲಿನವರೆಗೆ ಖರ್ಚು ಮಾಡಿ. ಸುಟ್ಟ ಬೋರ್ಡಿಗೆ ಮಾತ್ರ ಐದು ವರ್ಷ ದಾಟದ ಯಂತ್ರವಾದರೆ ಯೋಚಿಸಿ. ಯಂತ್ರವನ್ನು ಎಳೆಯುವಾಗ ಇಬ್ಬರು ಇರಲಿ. ತಳದಲ್ಲಿ ಕಾಂಕ್ರೀಟಿನ ಭಾರ ಇಟ್ಟಿರುವ ಮಾಡೆಲ್‌ಗಳಿವೆ. ತಗಡಿನ ಅಂಚು ಕೈ ಕೊಯ್ಯುತ್ತದೆ.

ಬಿಟ್ಟ ಯಂತ್ರವನ್ನು ತೋಟದ ಮೂಲೆಯಲ್ಲಿ ಇಡಬೇಡಿ. 2023ರ ಎಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿ ಡಿಶ್‌ವಾಷರೂ ಇದೆ, ಮರುಬಳಕೆಯ ಹೊಣೆ ತಯಾರಕರದು. ಗುಜರಿಯವರಿಗೆ ಕೊಡುವುದಾದರೂ ಪಂಪು, ವಾಲ್ವು, ಬುಟ್ಟಿಗಳನ್ನು ಬಿಚ್ಚಿ ವೈಂಡಿಂಗ್ ಅಂಗಡಿಯಲ್ಲಿ ಬಿಟ್ಟುಬಿಡಿ, ಇನ್ನೊಬ್ಬರ ಮನೆಯ ಯಂತ್ರಕ್ಕೆ ಆದೀತು.

ಕೊನೆಗೊಂದು ವಿನಂತಿ. ಬಾಗಿಲು ತೆರೆದರೆ ಅಂಚಿನಲ್ಲಿ ಒಂದು ಸ್ಟಿಕ್ಕರ್ ಇರುತ್ತದೆ, ಮಾಡೆಲ್ ನಂಬರ್, ಸೀರಿಯಲ್ ನಂಬರ್ ಅದರಲ್ಲೇ. ಉಗಿಗೆ ಅಕ್ಷರ ಅಳಿಸುವ ಮೊದಲು ಅದರ ಫೋಟೊ ತೆಗೆದು ಊರಲ್ಲಿರುವವರೂ ಪರವೂರಲ್ಲಿರುವ ಮಕ್ಕಳೂ ಇಟ್ಟುಕೊಳ್ಳಿ. ಆ ನಂಬರಿಲ್ಲದೆ ಯಾವ ಅಂಗಡಿಯಲ್ಲೂ ಸರಿಯಾದ ಬಿಡಿಭಾಗ ಸಿಗುವುದಿಲ್ಲ.